ಎಲೆಕ್ಟ್ರಿಕ್ ಕಾರಿಗೆ ದುಡ್ಡು ಕೊಟ್ಟು ಪಿಕಪ್ ಹೆಚ್ಚಿಸಿಕೊಳ್ಳಬೇಕಾ?

ಬೆಳಗಾವಿ ಕಡೆ ಓಡಿಸುವವರಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಸಿಗೋದು ಏನು ನೋಡಿ. ಅಮೆರಿಕದಲ್ಲಿ ಟೆಸ್ಲಾ 2019ರ ಕೊನೆಯಲ್ಲಿ ಮಾಡೆಲ್ 3 ಲಾಂಗ್ ರೇಂಜ್ ಕಾರಿಗೆ 2,000 ಡಾಲರ್‌ಗೆ ಪಿಕಪ್ ಹೆಚ್ಚಿಸುವ ಸಾಫ್ಟ್‌ವೇರ್ ಅಪ್‌ಗ್ರೇಡ್ ಕೊಟ್ಟಿತು. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡ್ ಬೇಕಿತ್ತು. ಅದು 3.9ಕ್ಕೆ ಇಳಿಯಿತು. ಅರ್ಧ ಸೆಕೆಂಡ್, ಅಷ್ಟೇ! ಮೋಟಾರ್, ಬ್ಯಾಟರಿ ಅವೇ ಇರುತ್ತವೆ. ಮೋಟಾರಿಗೆ ಹಾಕಿದ್ದ ಮಿತಿಯನ್ನು ಸಾಫ್ಟ್‌ವೇರ್ ಸ್ವಲ್ಪ ಸಡಿಲಿಸುತ್ತದೆ. ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಏನೂ ಜಾಸ್ತಿ ಆಗಲ್ಲ.

ಖಡೇಬಜಾರಿನ ಗದ್ದಲದಲ್ಲಿ ಆ ಅರ್ಧ ಸೆಕೆಂಡ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಹೇಳಿ? ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿ ದಾಟಲು ಈಗಿರುವ ಪಿಕಪ್ಪೇ ಸಾಕು. ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನಲ್ಲಿ ಮಳೆ ಹಿಡಿದರೆ ಬೇಕಾಗೋದು ಒಳ್ಳೆ ಟೈರ್, ಒಳ್ಳೆ ಬ್ರೇಕ್. ಪದೇ ಪದೇ ಪೆಡಲ್ ಪೂರ್ತಿ ಒತ್ತಿದರೆ ಟೈರೂ ಬೇಗ ಸವೆಯುತ್ತದೆ. ಆ ದುಡ್ಡಲ್ಲಿ ಮನೆಗೊಂದು ಚಾರ್ಜರ್ ಹಾಕಿಸಿ, ದಿನಾ ಅನುಕೂಲ ಅಲ್ವಾ?

ಓಡಿಸುವ ಖುಷಿಗೇ ಬೇಕು ಅಂದರೆ ಖಂಡಿತ ತಗೊಳ್ಳಿ. ಕಂಪನಿಯಿಂದಲೇ ತಗೊಳ್ಳಿ. ಹೊರಗೆ ಮಾಡಿಸಿದರೆ ವಾರಂಟಿಗೆ ತೊಂದರೆ ಆಗಬಹುದು. ಕಾರು ಮಾರಿದಾಗ ಅಪ್‌ಗ್ರೇಡ್ ಹೊಸ ಮಾಲೀಕರಿಗೂ ಉಳಿಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.