ನಾಟಕದ ಹುಡುಗಿ ಪೈಲಟ್ ಆಗಬಹುದಾ? ಮೊದಲ ಮಹಿಳಾ ಪೈಲಟ್ ರಂಗನಟಿಯೇ ಆಗಿದ್ದಳು

"ನಮ್ಮ ತಂಗಿ ಕಾಲೇಜಿನಾಗ ನಾಟಕ ಮಾಡ್ತಾಳ, ಈಗ ಪೈಲಟ್ ಆಗ್ತೀನಿ ಅಂತ ಹಟ ಹಿಡದಾಳ. ನಟಿ ಆಗಿದ್ದವರು ಯಾರಾದ್ರೂ ಪೈಲಟ್ ಆಗ್ಯಾರೇನ್ರಿ?" ಅಂತ ಕೇಳಿದ್ದೀರಿ. ಆಗ್ಯಾರ್ರೀ. ಪೈಲಟ್ ಲೈಸೆನ್ಸ್ ಪಡೆದ ಜಗತ್ತಿನ ಮೊಟ್ಟಮೊದಲ ಹೆಣ್ಣುಮಗಳೇ ರಂಗನಟಿ. ಹೆಸರು ರೇಮೊಂಡ್ ದ ಲಾರೋಶ್. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಫಿಜಿಕ್ಸ್ ಹೇಳುತ್ತೇನೆ, ಹವ್ಯಾಸಿ ತಂಡದ ಜೊತೆ ನಾಟಕವನ್ನೂ ಮಾಡುತ್ತೇನೆ. ನಿಮ್ಮ ತಂಗಿಯಂಥ ಹುಡುಗಿಯರನ್ನು ಎರಡೂ ಕಡೆ ಕಂಡವಳು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಆಕೆ ಹುಟ್ಟಿದ್ದು 1882ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ನಲ್ಲಿ, ಪೈಪಿನ ಕೆಲಸ ಮಾಡುತ್ತಿದ್ದವರು. ಬೆಳೆದು ರಂಗಭೂಮಿಗೆ ಹೋದಳು, 'ದ ಲಾರೋಶ್' ಅನ್ನುವುದು ಅಲ್ಲಿ ಇಟ್ಟುಕೊಂಡ ಹೆಸರು. ಮೋಟಾರು ಗಾಡಿ, ಬಲೂನು ಎರಡರ ಹುಚ್ಚೂ ಇತ್ತು. 1908ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿಗೆ ಬಂದು ವಿಮಾನ ಹಾರಿಸಿ ತೋರಿಸಿದ ಮೇಲೆ ಆ ದೇಶಕ್ಕೇ ಹಾರಾಟದ ಗೀಳು ಹಿಡಿಯಿತು. ಈಕೆ ಮರುವರ್ಷವೇ ವಿಮಾನ ಕಟ್ಟುವ ಶಾರ್ಲ್ ವುವಾಜಾಂ ಅವರ ಹತ್ತಿರ ಹೋಗಿ ನನಗೂ ಕಲಿಸು ಅಂದಳು.

ಕಲಿತ ರೀತಿಯನ್ನು ನಿಮ್ಮ ತಂಗಿಗೆ ಓದಿ ಹೇಳಿ. ಆ ವಿಮಾನದಲ್ಲಿ ಇದ್ದದ್ದು ಒಂದೇ ಸೀಟು. ಈಗಿನ ಹಾಗೆ ಪಕ್ಕದಲ್ಲಿ ಗುರು ಕೂತು, ತಪ್ಪಿದರೆ ತಾನು ಕಂಟ್ರೋಲ್ ಹಿಡಿಯುವ ವ್ಯವಸ್ಥೆ ಇರಲಿಲ್ಲ. ವುವಾಜಾಂ ನೆಲದ ಮೇಲೆ ನಿಂತು ಹೇಳಬೇಕು, ಈಕೆ ಒಬ್ಬಳೇ ಮಾಡಬೇಕು. ಪ್ರಾಂಪ್ಟರ್ ಇಲ್ಲದೆ ಮೊದಲ ಸಲ ರಂಗಕ್ಕೆ ಹೋದಂತೆ. 1909ರ ಅಕ್ಟೋಬರ್ 22ರಂದು ಶಾಲೋಂ ಮೈದಾನದಲ್ಲಿ, ಇವತ್ತು ನೆಲದ ಮೇಲೆ ಓಡಿಸು ಸಾಕು ಅಂತ ಅವರು ಹೇಳಿದ್ದರಂತೆ. ಆಕೆ ಮೈದಾನದ ಕೊನೆಯವರೆಗೆ ಓಡಿಸಿದಳು, ವಿಮಾನ ತಿರುಗಿಸಿದಳು, ಎಂಜಿನ್‌ಗೆ ಪೂರಾ ಜೋರು ಕೊಟ್ಟು ನೆಲ ಬಿಟ್ಟೇ ಬಿಟ್ಟಳು. ಹಾರಿದ್ದು ಸುಮಾರು 300 ಗಜ. ಅದಕ್ಕೂ ಮೊದಲೇ, 1908ರಲ್ಲಿ, ಥೆರೆಸ್ ಪೆಲ್ತಿಯೇ ಎಂಬ ಫ್ರೆಂಚ್ ಶಿಲ್ಪಿ ಹಾರಿದ್ದರು, ಹಾಗಾಗಿ 'ಹಾರಿದ ಮೊದಲ ಮಹಿಳೆ' ಅನ್ನುವ ಮಾತು ಲಾರೋಶ್‌ಗೆ ಸಲ್ಲುವುದಿಲ್ಲ. ಲೈಸೆನ್ಸ್ ವಿಷಯದಲ್ಲಿ ಮಾತ್ರ ತಕರಾರಿಲ್ಲ: 1910ರ ಮಾರ್ಚ್ 8, ನಂಬರ್ 36. ಮಾರ್ಚ್ 8 ಮಹಿಳಾ ದಿನವಾದದ್ದು ಅದಾದ ಮೇಲೆ. ಪತ್ರಿಕೆಗಳು ಆಕೆಯನ್ನು 'ಬ್ಯಾರನೆಸ್' ಅಂತ ಕರೆದವು. ಪೈಪು ಜೋಡಿಸುವವರ ಮಗಳು ಅನ್ನುವುದೇ ನನಗೆ ಹೆಚ್ಚಿನ ಬಿರುದಾಗಿ ಕಾಣುತ್ತದೆ.

ಆದರೆ ಆಕೆಯ ದೊಡ್ಡ ಸಾಧನೆ ಆ ಲೈಸೆನ್ಸ್ ಅಂತ ನಾನು ಹೇಳಲಾರೆ. ಅದೇ ವರ್ಷ ಜುಲೈನಲ್ಲಿ ಫ್ರಾನ್ಸಿನ ರೀಮ್ಸ್ ಊರಿನ ವಿಮಾನ ಪಂದ್ಯದಲ್ಲಿ ಆಕೆಯ ವಿಮಾನ ಬಿತ್ತು. ಹತ್ತಿರದಲ್ಲೇ ಹಾದುಹೋದ ಇನ್ನೊಂದು ವಿಮಾನದ ಗಾಳಿಗೆ ಹತೋಟಿ ತಪ್ಪಿತು ಅಂತ ಹೇಳುತ್ತಾರೆ. ಫಿಜಿಕ್ಸ್ ಮೇಡಂ ಆಗಿ ಒಂದು ಮಾತು: ವಿಮಾನ ಸಾಗಿದ ದಾರಿಯಲ್ಲಿ ಗಾಳಿ ಸುಳಿಸುಳಿಯಾಗಿ ತಿರುಗುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹಿಂದೆ ಬಂದ ಚಿಕ್ಕ ವಿಮಾನವನ್ನು ಮಗುಚಿ ಹಾಕುವಷ್ಟು ಬಲ ಅದಕ್ಕಿರುತ್ತದೆ. ಈಗ ಅದಕ್ಕೆಂದೇ ಎರಡು ವಿಮಾನಗಳ ನಡುವೆ ಅಂತರ ಬಿಡುವ ನಿಯಮವಿದೆ. ಆಗ ಇರಲಿಲ್ಲ. ಮೈಯೆಲ್ಲ ಮೂಳೆ ಮುರಿದವು, ಬದುಕುವುದೇ ಅನುಮಾನವಾಗಿತ್ತು. ಚೇತರಿಸಿಕೊಂಡು ಮತ್ತೆ ಹಾರಿದಳು. 1912ರಲ್ಲಿ ವುವಾಜಾಂ ಜೊತೆ ಕಾರಿನಲ್ಲಿ ಹೋಗುವಾಗ ಅಪಘಾತವಾಗಿ ಅವರು ತೀರಿಕೊಂಡರು, ಈಕೆಗೆ ಪೆಟ್ಟಾಯಿತು. ಮರುವರ್ಷ ನವೆಂಬರ್‌ನಲ್ಲಿ ನಾಲ್ಕು ತಾಸಿಗೂ ಹೆಚ್ಚು ಹೊತ್ತು ಒಂದೇ ಸಮನೆ ಹಾರಿ, ಮಹಿಳಾ ಪೈಲಟ್‌ಗಳಿಗೆಂದೇ ಇದ್ದ ಫೆಮಿನಾ ಕಪ್ ಗೆದ್ದಳು. ಕಲಿಸಿದವರನ್ನು ಕಳಕೊಂಡ ಮರುವರ್ಷ! ಇದನ್ನು ಓದಿದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ.

ಮೊದಲ ಮಹಾಯುದ್ಧದಲ್ಲಿ ಹೆಂಗಸರಿಗೆ ವಿಮಾನ ಕೊಡಲಿಲ್ಲ. ಆಕೆ ಸೈನ್ಯದ ಗಾಡಿ ಓಡಿಸಿದಳು. 1919ರಲ್ಲಿ 4,800 ಮೀಟರ್ ಎತ್ತರಕ್ಕೆ ಏರಿ ಮಹಿಳೆಯರ ದಾಖಲೆ ಮಾಡಿದಳು. ಅದೇ ವರ್ಷ ಜುಲೈ 18ರಂದು ಫ್ರಾನ್ಸಿನ ಲ ಕ್ರೊತುವಾದಲ್ಲಿ, ಪರೀಕ್ಷೆಯ ಹಂತದಲ್ಲಿದ್ದ ವಿಮಾನ ಇಳಿಯುವಾಗ ಬಿದ್ದು ತೀರಿಕೊಂಡಳು. ಆಗ ಆಕೆಗೆ 36. ಇದನ್ನು ತಂಗಿಯಿಂದ ಮುಚ್ಚಿಡಬೇಡಿ. ಅಂದಿನ ಬಟ್ಟೆ-ಕಟ್ಟಿಗೆಯ ವಿಮಾನಕ್ಕೂ ಇಂದಿನ ತರಬೇತಿ ವಿಮಾನಕ್ಕೂ ಅಜಗಜಾಂತರ ಇದೆ ಅನ್ನುವುದನ್ನೂ ಸೇರಿಸಿ ಹೇಳಿ.

ಫ್ರಾನ್ಸ್ ದೂರ ಆಯಿತು ಅಂದರೆ ನಮ್ಮ ಹತ್ತಿರದ್ದೇ ಇದೆ. ಭಾರತದ ಮೊದಲ ಮಹಿಳಾ ಕಮರ್ಷಿಯಲ್ ಪೈಲಟ್ ಪ್ರೇಮ್ ಮಾಥುರ್ ಅವರಿಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ನಮ್ಮ ಕಲಬುರಗಿ, ಬೀದರ್ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ. 2016ರಲ್ಲಿ ವಾಯುಪಡೆ ಸೇರಿದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳನ್ನು ಹಾಕ್ ಎಂಬ ತರಬೇತಿ ಜೆಟ್ ಹಾರಿಸಲು ಕಲಿಯಲಿ ಅಂತ ಬೀದರಿಗೇ ಕಳಿಸಿದರು. ಇನ್ನು ಸಿನಿಮಾ ನಟಿಯರಲ್ಲಿ ಬೇಕೆಂದರೆ, 1999ರ ಮಿಸ್ ಇಂಡಿಯಾ ಗುಲ್ ಪನಾಗ್ ಪೈಲಟ್ ಲೈಸೆನ್ಸ್ ಪಡೆದಿದ್ದಾರೆ.

ನಮ್ಮ ಕಡೆ ಇನ್ನೂ "ಅಕಿ ನಾಟಕದಾಕಿ" ಅಂತ ಮೂಗು ಮುರಿಯುವ ಜನ ಇದ್ದಾರೆ, ಅಂಥವರ ಮಾತು ನಿಮ್ಮ ಮನೆಗೂ ಬಂದಿರಬಹುದು. ನಾನು ಕಂಡದ್ದು ಬೇರೆ. ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿ, ನೂರಾರು ಜನರೆದುರು ಗಾಬರಿಯಾಗದೆ, ತಪ್ಪಿದಲ್ಲಿ ಅಲ್ಲೇ ಸಾವರಿಸಿಕೊಂಡು ಮುಂದೆ ಹೋಗುವ ಹುಡುಗಿ ಕ್ಲಾಸಿನಲ್ಲೂ ಲೆಕ್ಕ ತಪ್ಪಿದರೆ ಅಳುತ್ತಾ ಕೂಡುವುದಿಲ್ಲ. ರೇಡಿಯೋದಲ್ಲಿ ಕಂಟ್ರೋಲ್ ಟವರ್ ಜೊತೆ ಸ್ಪಷ್ಟವಾಗಿ, ತಡವರಿಸದೆ ಮಾತಾಡುವುದು ಪೈಲಟ್ ಕೆಲಸದ ದೊಡ್ಡ ಭಾಗ. ಆ ಗಂಟಲು ಅವಳಿಗೆ ತಯಾರಾಗಿಯೇ ಇದೆ.

ಈಗ ಮಾಡಬೇಕಾದ್ದು. ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ತಾಸು ಹಾರಾಟ ಆಗಬೇಕು, ಜೊತೆಗೆ ನ್ಯಾವಿಗೇಷನ್, ಹವಾಮಾನ, ನಿಯಮಗಳ ಪರೀಕ್ಷೆ. ಪಿಯುಸಿಯಲ್ಲಿ ಫಿಜಿಕ್ಸ್, ಮ್ಯಾಥ್ಸ್ ಕೇಳುತ್ತಾ ಬಂದಿದ್ದಾರೆ. ತಂಗಿ ಆರ್ಟ್ಸ್ ಆಗಿದ್ದರೆ ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಬರೆಯಬಹುದು. ಖರ್ಚು ಅರ್ಧ ಕೋಟಿಯ ಆಸುಪಾಸು ಬರುತ್ತದೆ, ಆದ್ದರಿಂದ ಒಂದು ರೂಪಾಯಿ ಫೀಸು ಕಟ್ಟುವ ಮೊದಲು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್ ಆಗುವವರ ಮೊದಲ ಹಂತದ ಆರೋಗ್ಯ ತಪಾಸಣೆ, ಮಾಡಿಸಿ. ಕಲಿಯಲು ಊರು ಬಿಡಲೇಬೇಕು ಅಂತಿಲ್ಲ, ಶ್ರೀನಿವಾಸ ಸರಡಗಿ ಹತ್ತಿರದ ನಮ್ಮ ಏರ್‌ಪೋರ್ಟಿನಿಂದಲೇ ತರಬೇತಿ ವಿಮಾನಗಳು ತೊಗರಿ ಹೊಲಗಳ ಮೇಲೆ ಸುತ್ತು ಹೊಡೆಯುತ್ತವೆ. ಯಾವ ಫ್ಲೈಯಿಂಗ್ ಸ್ಕೂಲಿಗೆ ಹೋದರೂ ತಂಗಿಯನ್ನೇ ಮುಂದೆ ಬಿಟ್ಟು ಎರಡು ಪ್ರಶ್ನೆ ಕೇಳಿಸಿ: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಹೋದ ತಿಂಗಳು ಒಬ್ಬೊಬ್ಬ ವಿದ್ಯಾರ್ಥಿಗೆ ಸಿಕ್ಕ ಹಾರಾಟದ ತಾಸು ಎಷ್ಟು. ಉತ್ತರವನ್ನು ಅಲ್ಲಿ ಕಲಿಯುತ್ತಿರುವ ಹುಡುಗರ ಹತ್ತಿರ ತಾಳೆ ನೋಡಿ, ಆಮೇಲೆ ದುಡ್ಡಿನ ಮಾತು.