ಓದುಗರ ಪ್ರಶ್ನೆ: ಮನೆಯ ಹಿಂದಿನ ಕೊಳದಲ್ಲಿ ಅಲಿಗೇಟರ್

ಪ್ರಶ್ನೆ: ನನ್ನ ಮಗಳು ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಹೊರವಲಯದಲ್ಲಿ ಮನೆ ಕೊಂಡಿದ್ದಾಳೆ. ಅವಳ ಎರಡನೆಯ ಬಾಣಂತನಕ್ಕೆಂದು ಮಾರ್ಚ್‌ನಲ್ಲಿ ಹೊರಟು ಆರು ತಿಂಗಳು ಅಲ್ಲಿರಬೇಕಾಗಿದೆ. ಮೊಮ್ಮಗನಿಗೆ ಮೂರು ವರ್ಷ, ಮನೆಯಲ್ಲಿ ಒಂದು ಪುಟ್ಟ ನಾಯಿಯೂ ಇದೆ. ಮೊನ್ನೆ ವಿಡಿಯೊ ಕರೆಯಲ್ಲಿ ಅಳಿಯ ಮನೆಯ ಹಿಂದಿನ ಕೊಳದ ದಡದಲ್ಲಿ ಮಲಗಿದ್ದ ಒಂದು ಮೊಸಳೆಯನ್ನು ತೋರಿಸಿ, ‘ಇದು ಇಲ್ಲಿ ಮಾಮೂಲು ಅತ್ತೆ, ಗಾಬರಿಯಾಗಬೇಡಿ’ ಎಂದರು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಅಂಥ ಕಡೆ ಮಗುವನ್ನು ಹೇಗೆ ನೋಡಿಕೊಳ್ಳುವುದು?
— ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ನಿಜ, ಆದರೆ ಅದು ಪೂರ್ತಿ ಮಾತಲ್ಲ. ನೀವು ವಿಡಿಯೊದಲ್ಲಿ ಕಂಡದ್ದು ಮೊಸಳೆಯ ಹತ್ತಿರದ ಸಂಬಂಧಿಯಾದ ಅಲಿಗೇಟರ್. ಫ್ಲಾರಿಡಾದ 67 ಜಿಲ್ಲೆಗಳಲ್ಲಿ ಅದು ಇಲ್ಲದ ಜಿಲ್ಲೆಯೇ ಇಲ್ಲ. ರಾಜ್ಯದಲ್ಲಿ ಅವುಗಳ ಒಟ್ಟು ಸಂಖ್ಯೆ ಸುಮಾರು 13 ಲಕ್ಷ ಎಂದು ಅಲ್ಲಿನ ವನ್ಯಜೀವಿ ಆಯೋಗದ ಅಂದಾಜು. ಬಡಾವಣೆ ಕಟ್ಟುವಾಗ ಮಳೆನೀರು ಇಂಗಲೆಂದು ತೋಡುವ ಕೊಳಗಳು, ಗಾಲ್ಫ್ ಮೈದಾನದ ಹೊಂಡಗಳು, ಕಾಲುವೆಗಳು ಎಲ್ಲವೂ ಅವುಗಳ ನೆಲೆಯೇ. ಹೀಗಿದ್ದೂ ಕೆಣಕದಿದ್ದಾಗಲೂ ಕಚ್ಚಿ ಚಿಕಿತ್ಸೆ ಬೇಕಾಗುವಷ್ಟು ಗಾಯ ಮಾಡಿದ ಪ್ರಕರಣಗಳು ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟರಷ್ಟು ಮಾತ್ರ, ಸಾವು ಇನ್ನೂ ಅಪರೂಪ. ಅಲ್ಲಿನ ನಿವಾಸಿಯೊಬ್ಬರು ಹೀಗೆ ತೀವ್ರವಾಗಿ ಗಾಯಗೊಳ್ಳುವ ಸಂಭವ 31 ಲಕ್ಷಕ್ಕೆ ಒಂದು ಎಂದು ಆಯೋಗ ಲೆಕ್ಕ ಹಾಕಿದೆ. ಆದ್ದರಿಂದ ಪ್ರಯಾಣ ರದ್ದುಮಾಡುವ ಅಗತ್ಯವಿಲ್ಲ. ಆದರೆ ಆ ಸಂಖ್ಯೆ ಇಷ್ಟು ಚಿಕ್ಕದಾಗಿರುವುದಕ್ಕೆ ಅಲ್ಲಿನ ಜನ ನೀರಿನ ಅಂಚಿನಲ್ಲಿ ಕೆಲವು ಕಟ್ಟುಪಾಡುಗಳನ್ನು ಪಾಲಿಸುವುದೂ ಒಂದು ಕಾರಣ. ಹೊಸದಾಗಿ ಹೋದವರಿಗೆ ಅವು ಗೊತ್ತಿರುವುದಿಲ್ಲ ಎಂಬುದೇ ನನ್ನ ಆತಂಕ.

ನಮ್ಮ ಕಡೆಯಿಂದ ಹೋದವರು ತಿಳಿಯದೆ ಮಾಡುವ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಕಡ್ಲೆಪುರಿ ಎಸೆಯುವುದು, ಉಳಿದ ಅನ್ನವನ್ನು ಬಾತುಕೋಳಿಗೆ ಹಾಕುವುದು ನಮಗೆ ಪುಣ್ಯದ ಕೆಲಸ. ಅಲ್ಲಿ ದಯವಿಟ್ಟು ಅದನ್ನು ಮಾಡಬೇಡಿ, ಮೊಮ್ಮಗನಿಗೂ ಕಲಿಸಬೇಡಿ. ಮೀನು, ಬಾತುಕೋಳಿ, ಆಮೆಗಳು ಒಂದು ಕಡೆ ಗುಂಪುಗೂಡಿದರೆ ಅವನ್ನು ತಿನ್ನುವ ಅಲಿಗೇಟರ್ ಕೂಡ ಅಲ್ಲಿಗೇ ಬರುತ್ತದೆ. ಅಲಿಗೇಟರ್‌ಗೆ ನೇರವಾಗಿ ಆಹಾರ ಹಾಕುವುದಂತೂ ಅಲ್ಲಿನ ಕಾನೂನಿಗೆ ವಿರುದ್ಧ. ಸ್ವಭಾವತಃ ಮನುಷ್ಯನನ್ನು ಕಂಡರೆ ನೀರಿಗೆ ಸರಿದುಹೋಗುವ ಪ್ರಾಣಿ ಅದು. ಕೈಯಿಂದ ಎಸೆದ ತುಂಡಿನ ರುಚಿ ಕಂಡ ಮೇಲೆ ಮನುಷ್ಯನ ಸದ್ದು ಕೇಳಿದರೆ ದೂರ ಹೋಗುವ ಬದಲು ದಡಕ್ಕೆ ಈಜಿ ಬರುತ್ತದೆ. ಮುಂದೆ ಆ ದಡದಲ್ಲಿ ನಿಲ್ಲುವ ಮಗು ಯಾರದೋ, ಆದರೆ ಆ ಅಪಾಯವನ್ನು ತಂದಿಟ್ಟವರು ಆಹಾರ ಎಸೆದವರೇ.

ಎರಡನೆಯದು ಹೊತ್ತಿನ ವಿಚಾರ. ಅಲಿಗೇಟರ್‌ಗಳು ಹೆಚ್ಚು ಚುರುಕಾಗಿರುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಫ್ಲಾರಿಡಾದ ಬಿಸಿಲಿನಲ್ಲಿ ನಡುಹಗಲು ಹೊರಗೆ ಕಾಲಿಡಲಾಗುವುದಿಲ್ಲವಾದ್ದರಿಂದ, ಹಿರಿಯರು ವಾಕಿಂಗ್‌ಗೆ ಹೊರಡುವುದೂ ನಾಯಿಯನ್ನು ಕರೆದೊಯ್ಯುವುದೂ ಅದೇ ಹೊತ್ತಿಗೆ. ಸಂಜೆ ಹೊರಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ, ಕೊಳದ ಬದಿಯ ಹಾದಿಯನ್ನು ಬಿಟ್ಟು ರಸ್ತೆಯ ಕಡೆಯ ಹಾದಿಯನ್ನು ಹಿಡಿಯಿರಿ. ನಾಯಿಗೆ ಸದಾ ಹಗ್ಗವಿರಲಿ, ಅದು ದಡಕ್ಕಿಳಿದು ನೀರು ಕುಡಿಯಲು ಬಿಡಬೇಡಿ; ಗಾತ್ರದಲ್ಲಿ ಸಾಕುನಾಯಿ ಅಲಿಗೇಟರ್‌ನ ಸಹಜ ಬೇಟೆಯನ್ನೇ ಹೋಲುತ್ತದೆ.

ಮಗುವಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. 2016ರ ಜೂನ್‌ನಲ್ಲಿ ಆರ್ಲ್ಯಾಂಡೊ ಬಳಿಯ ಪ್ರವಾಸಿ ತಾಣವೊಂದರಲ್ಲಿ, ರಾತ್ರಿಯ ಹೊತ್ತು, ಕೃತಕ ಸರೋವರದ ಮರಳಿನ ದಡದಲ್ಲಿ ಆಡುತ್ತಿದ್ದ ಎರಡು ವರ್ಷದ ಮಗುವನ್ನು ಅಲಿಗೇಟರ್ ಎಳೆದೊಯ್ದಿತು. ತಂದೆ ಪಕ್ಕದಲ್ಲೇ ಇದ್ದು ನೀರಿಗೆ ಹಾರಿದರೂ ಉಳಿಸಿಕೊಳ್ಳಲಾಗಲಿಲ್ಲ. ಆ ಕುಟುಂಬ ಬೇರೆ ರಾಜ್ಯದಿಂದ ಬಂದಿತ್ತು. ದೊಡ್ಡವರು ಪಕ್ಕದಲ್ಲಿದ್ದರೆ ಸಾಕು ಎಂಬ ನಂಬಿಕೆ ನೀರಿನ ಅಂಚಿನಲ್ಲಿ ನಡೆಯುವುದಿಲ್ಲ. ನೀರು ಮತ್ತು ಮಗುವಿನ ನಡುವೆ ಸಾಕಷ್ಟು ನೆಲವಿರಬೇಕು. ಕಂಡ ಪ್ರಾಣಿಯಿಂದ ಕನಿಷ್ಠ 60 ಅಡಿ ದೂರವಿರಿ. ಅದು ಬುಸ್ಸೆಂದು ಸದ್ದು ಮಾಡಿತೆಂದರೆ ನೀವು ಆಗಲೇ ಮಿತಿ ಮೀರಿ ಹತ್ತಿರ ಹೋಗಿದ್ದೀರಿ ಎಂದರ್ಥ, ನಿಧಾನವಾಗಿ ಹಿಂದೆ ಸರಿಯಿರಿ.

ಕಾಣದಿರುವುದನ್ನು ಕಾಣುವುದನ್ನೂ ಸ್ವಲ್ಪ ಕಲಿಯಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯಲ್ಲಿ ತಂಗಿದ್ದಾಗ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿನ ಜಗಲಿಯಲ್ಲಿ ನಿಂತು ಕೊಳದ ಕಡೆ ನೋಡುತ್ತಿದ್ದೆ. ನೀರಿನಲ್ಲಿ ತೆಂಗಿನ ಗರಿಯ ಒಣಗಿದ ಬುಡವೊಂದು ತೇಲುತ್ತಿದೆ ಎಂದುಕೊಂಡೆ. ತಿಪಟೂರಿನ ತೋಟಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ಹಾಗೆಯೇ ಕಾಣುತ್ತದೆ. ಗಾಳಿ ಎಡಕ್ಕೆ ಬೀಸುತ್ತಿತ್ತು, ಅದು ಬಲಕ್ಕೆ ಹೋಗುತ್ತಿತ್ತು. ಮತ್ತೆ ನೋಡಿದಾಗ ಮುಂದೆ ಮೂಗಿನ ಎರಡು ಹೊಳ್ಳೆಗಳ ಉಬ್ಬು, ಹಿಂದೆ ಕಣ್ಣುಗಳ ಎರಡು ಉಬ್ಬು, ನಡುವೆ ನೀರಿನ ತೆಳುವಾದ ಪದರ. ಉಳಿದ ದೇಹವೆಲ್ಲ ನೀರಿನೊಳಗೆ. ಮೂಗಿನ ಹೊಳ್ಳೆಯಿಂದ ಕಣ್ಣಿಗೆ ಎಷ್ಟು ಅಂಗುಲವೋ ಪ್ರಾಣಿ ಸುಮಾರು ಅಷ್ಟು ಅಡಿ ಉದ್ದವೆಂದು ಅಲ್ಲಿನವರು ಲೆಕ್ಕ ಹೇಳುತ್ತಾರೆ. ಅಂದು ನಾನು ಕಂಡದ್ದು ಸುಮಾರು ಒಂದು ಗೇಣಿನಷ್ಟಿತ್ತು, ಅಂದರೆ ಎಂಟೊಂಬತ್ತು ಅಡಿಯ ಪ್ರಾಣಿ.

ನೀವು ಅಲ್ಲಿರುವ ತಿಂಗಳುಗಳೇ ಅವುಗಳ ಓಡಾಟದ ತಿಂಗಳುಗಳೂ ಹೌದು. ಗಾಳಿಯ ಉಷ್ಣತೆ ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವು ತಿನ್ನುವುದನ್ನು ನಿಲ್ಲಿಸುತ್ತವೆ, 13 ಡಿಗ್ರಿಗಿಂತ ಕಡಿಮೆಯಾದರೆ ಜಡವಾಗಿ ಮಲಗಿರುತ್ತವೆ. ಬೇಸಿಗೆಯಲ್ಲಿ ಅವುಗಳ ಹಸಿವು, ಚುರುಕು ಎರಡೂ ಹೆಚ್ಚು. ಏಪ್ರಿಲ್‌ನಿಂದ ಜೂನ್‌ವರೆಗೆ ಜೊತೆ ಹುಡುಕುತ್ತ ಗಂಡುಗಳು ಒಂದು ಕೊಳದಿಂದ ಇನ್ನೊಂದಕ್ಕೆ ನೆಲದ ಮೇಲೆ ನಡೆದು ಹೋಗುತ್ತವೆ, ಬೇಲಿ ಹತ್ತುವುದೂ ಉಂಟು, ಈಜುಕೊಳಕ್ಕೆ ಇಳಿದಿರುವುದೂ ಉಂಟು. ಹಾಗಾಗಿ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದ ಕೂಡಲೇ ಮಗುವನ್ನು ಮುಂದೆ ಬಿಡದೆ ಮೊದಲು ನೀವು ಒಮ್ಮೆ ಸುತ್ತ ನೋಡಿ. ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿ ಹೆಣ್ಣು ಸೊಪ್ಪುಸದೆಯ ದಿಬ್ಬ ಮಾಡಿ 32ರಿಂದ 46 ಮೊಟ್ಟೆಗಳನ್ನಿಟ್ಟು ಹತ್ತಿರದಲ್ಲೇ ಕಾವಲಿರುತ್ತದೆ. ಆಗಸ್ಟ್ ನಡುವಿನಿಂದ ಹೊರಬರುವ ಗೇಣುದ್ದದ ಮರಿಗಳು ಕಪ್ಪು ಮೈ, ಹಳದಿ ಪಟ್ಟೆಗಳಿಂದ ನೋಡಲು ತುಂಬ ಮುದ್ದಾಗಿರುತ್ತವೆ. ಮೂರು ವರ್ಷದ ಮಗು ಖಂಡಿತ ಕೈ ಚಾಚುತ್ತದೆ. ಮರಿ ಕೂಗಿದರೆ ತಾಯಿ ಬರುತ್ತದೆ. ಗೌರಿ ಗಣೇಶ ಹಬ್ಬವೂ ಸರಿಸುಮಾರು ಅದೇ ಕಾಲಕ್ಕೆ ಬರುವುದರಿಂದ, ಗಣಪತಿಯನ್ನು ಮನೆಯಲ್ಲೇ ಬಕೆಟ್ಟಿನ ನೀರಿನಲ್ಲಿ ಬಿಡಿ, ಕೊಳಕ್ಕೆ ಒಯ್ಯಬೇಡಿ.

ನೀರಿನಲ್ಲಿ ಆನೆಯನ್ನೂ ಎಳೆಯುವ ಮೊಸಳೆ ನೆಲಕ್ಕೆ ಬಂದರೆ ನಾಯಿಯಿಂದಲೂ ಸೋಲುತ್ತದೆ ಎಂಬ ಹಳೆಯ ಸುಭಾಷಿತವೊಂದಿದೆ. ಅದರ ಮೊದಲರ್ಧವನ್ನು ಮಾತ್ರ ನಂಬಿ. ಅಲಿಗೇಟರ್ ನೆಲದ ಮೇಲೆ ಬಹುದೂರ ಅಟ್ಟಿಸಿಕೊಂಡು ಬರುವುದಿಲ್ಲ, ಆದರೆ ಕೆಲವು ಹೆಜ್ಜೆಗಳಷ್ಟು ದೂರಕ್ಕೆ ಅದರ ವೇಗ ಆಶ್ಚರ್ಯ ಹುಟ್ಟಿಸುವಂಥದ್ದು. ಮುನ್ನುಗ್ಗಿದರೆ ಅಂಕುಡೊಂಕಾಗಿ ಓಡಬೇಕೆಂಬ ಮಾತು ಸುಳ್ಳು, ನೀರಿಗೆ ಬೆನ್ನು ಮಾಡಿ ನೇರವಾಗಿ ಓಡಬೇಕು. ಅಕಸ್ಮಾತ್ ಹಿಡಿದರೆ ಸುಮ್ಮನಿರಬಾರದು. ಕಣ್ಣಿಗೆ, ಮೂಗಿಗೆ ಬಲವಾಗಿ ಹೊಡೆದು, ಕಿರುಚಿ, ಕೊನೆಯವರೆಗೂ ಹೋರಾಡಬೇಕು, ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿಸಬೇಕು. ಗಾಯ ಚಿಕ್ಕದಾದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಅದರ ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳಿಂದ ಗಾಯಕ್ಕೆ ಬೇಗನೆ ಸೋಂಕು ತಗಲುತ್ತದೆ.

ಪ್ರಶ್ನೆ: ಫ್ಲಾರಿಡಾದಲ್ಲಿ ಮನೆಗಳ ನಡುವೆ ಮೊಸಳೆ ನಡೆದುಹೋಗುವ ವಿಡಿಯೊ ನೋಡಿದೆ. ಅಷ್ಟು ಮುಂದುವರಿದ ದೇಶದವರು ಅವನ್ನು ಹಿಡಿದು ದೂರದ ಕಾಡಿಗೆ ಏಕೆ ಬಿಡುವುದಿಲ್ಲ?
— ಓದುಗರೊಬ್ಬರು, ತಿಪಟೂರು

ಉತ್ತರ: ಬಿಟ್ಟರೆ ಅವು ಮರಳಿ ಬರುತ್ತವೆ. ಅಲಿಗೇಟರ್‌ಗೆ ತನ್ನ ನೆಲೆಯ ದಿಕ್ಕು ಚೆನ್ನಾಗಿ ತಿಳಿಯುತ್ತದೆ. ಹಿಂದಿರುಗುವ ದಾರಿಯಲ್ಲಿ ರಸ್ತೆ, ಬಡಾವಣೆಗಳನ್ನು ದಾಟಿ ಇನ್ನಷ್ಟು ಜನರಿಗೆ ಎದುರಾಗುತ್ತದೆ. ಬಿಡಲು ಹುಡುಕುವ ದೂರದ ಜೌಗುಗಳಲ್ಲಿ ಆಗಲೇ ಬೇರೆ ಅಲಿಗೇಟರ್‌ಗಳಿರುತ್ತವೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟಾಗ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. 2019-20ರಲ್ಲಿ ನಮ್ಮ ಜಿಲ್ಲೆಯಲ್ಲೇ ಚಿರತೆ ದಾಳಿಗೆ ಮಕ್ಕಳೂ ಬಲಿಯಾದಾಗ ‘ಹಿಡಿದು ದೂರ ಬಿಡಿ’ ಎಂಬ ಕೂಗೇ ಎಲ್ಲೆಡೆ ಕೇಳಿತ್ತು. ಆ ನೋವಿನ ಮುಂದೆ ವಾದ ಹೂಡಲು ಯಾರಿಗೂ ಮನಸ್ಸಾಗದು, ಆದರೆ ದೂರ ಎಂಬ ಜಾಗದಲ್ಲೂ ಯಾರದೋ ಊರಿರುತ್ತದೆ.

ಫ್ಲಾರಿಡಾದಲ್ಲಿ ನಾಲ್ಕು ಅಡಿಗಿಂತ ಉದ್ದದ ಅಲಿಗೇಟರ್‌ನಿಂದ ಜನರಿಗೆ, ಸಾಕುಪ್ರಾಣಿಗಳಿಗೆ ಅಪಾಯವಿದೆ ಎನಿಸಿದರೆ ಆಯೋಗಕ್ಕೆ ದೂರು ಕೊಡಬಹುದು. ಗುತ್ತಿಗೆಯ ಮೇಲೆ ನೇಮಕವಾದ ಪರಿಣತರು ಬಂದು ಹಿಡಿಯುತ್ತಾರೆ. ಹಾಗೆ ಹಿಡಿದ ಹೆಚ್ಚಿನವು ಬದುಕುವುದಿಲ್ಲ, ಕೊಲ್ಲಲಾಗುತ್ತದೆ. ಆಹಾರ ಹಾಕಬೇಡಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಆ ಪ್ರಾಣಿಯ ಸಲುವಾಗಿಯೂ ಹೌದು. ಚರ್ಮಕ್ಕಾಗಿ ಬೇಟೆಯಾಡಿ ಅಳಿವಿನಂಚಿಗೆ ತಂದ ಇದನ್ನು 1967ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿ, ಇಪ್ಪತ್ತು ವರ್ಷ ಕಾಪಾಡಿ, 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಎವರ್‌ಗ್ಲೇಡ್ಸ್ ಜೌಗಿನಲ್ಲಿ ಅವು ತೋಡಿಕೊಳ್ಳುವ ಹೊಂಡಗಳಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲೂ ಆರದೆ ನಿಂತ ನೀರೇ ಮೀನು, ಆಮೆ, ಕೊಕ್ಕರೆಗಳನ್ನು ಬದುಕಿಸುತ್ತದೆ.

ಪ್ರಶ್ನೆ: ಅಲಿಗೇಟರ್ ನಮ್ಮ ಕೆರೆಗಳಿಗೂ ಬರಬಹುದೇ? ಮೊಸಳೆಗೂ ಅದಕ್ಕೂ ವ್ಯತ್ಯಾಸವೇನು?
— ವಿದ್ಯಾರ್ಥಿನಿ, ಗುಬ್ಬಿ

ಉತ್ತರ: ಬರುವುದಿಲ್ಲ. ಅಲಿಗೇಟರ್ ಸಹಜವಾಗಿ ಇರುವುದು ಅಮೆರಿಕ ಮತ್ತು ಚೀನಾದಲ್ಲಿ ಮಾತ್ರ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಂಡರೆ ಮೊಸಳೆ, ಕಾಣದಿದ್ದರೆ ಅಲಿಗೇಟರ್ ಎಂದು ತಿಳಿಯಬಹುದು. ರಂಗನತಿಟ್ಟಿನ ಬಂಡೆಗಳ ಮೇಲೆ, ದಾಂಡೇಲಿಯ ಕಾಳಿ ನದಿಯಲ್ಲಿ, ಕೃಷ್ಣಾ ತೀರದಲ್ಲಿ ಕಾಣುವುದು ಮಗ್ಗರ್ ಎಂಬ ನಮ್ಮ ಸಿಹಿನೀರಿನ ಮೊಸಳೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಗುಜರಾತಿನ ಚರೋತರ್ ಸೀಮೆಯ ಹಳ್ಳಿಗಳಲ್ಲಿ ಊರ ಕೆರೆಗಳಲ್ಲೇ ಮಗ್ಗರ್‌ಗಳಿವೆ. ಮೊಸಳೆ ಖೋಡಿಯಾರ್ ಮಾತೆಯ ವಾಹನವೆಂಬ ಭಕ್ತಿಯಿಂದ ಜನ ಅವಕ್ಕೆ ತೊಂದರೆ ಕೊಡುವುದಿಲ್ಲ. ಅಷ್ಟೇ ಮುಖ್ಯವಾಗಿ, ಅವು ಯಾವ ದಡದಲ್ಲಿ ಬಿಸಿಲು ಕಾಯಿಸುತ್ತವೆ, ಎಲ್ಲಿ ಮೊಟ್ಟೆಯಿಡುತ್ತವೆ ಎಂಬುದು ದನ ಕಾಯುವ ಹುಡುಗರಿಗೂ ಗೊತ್ತಿರುತ್ತದೆ.

ನದಿ ತೀರದ ಊರಿಗೆ ಪ್ರವಾಸ ಹೋದಾಗ ಎಚ್ಚರಿಕೆಯ ಫಲಕವಿರುವಲ್ಲಿ ಸ್ನಾನಕ್ಕೆ, ಸೆಲ್ಫಿಗೆ ಇಳಿಯಬೇಡ. ಮಾಂಸದಂಗಡಿಯ ತ್ಯಾಜ್ಯ ಸುರಿಯುವ ದಡದಿಂದಂತೂ ದೂರವಿರು. ಊರಿನೊಳಗೆ ಮೊಸಳೆ ಕಂಡರೆ ಅದರ ಸುತ್ತ ಗುಂಪು ಸೇರದೆ, ಕಲ್ಲು ಎಸೆಯದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಲು ಹಿರಿಯರಿಗೆ ಹೇಳು. ಸಿಬ್ಬಂದಿ ಬರುವವರೆಗೆ ಅದು ನೀರಿಗೆ ಹಿಂದಿರುಗುವ ದಾರಿಯಲ್ಲಿ ಯಾರೂ ಅಡ್ಡ ನಿಲ್ಲಬಾರದು.