ಹಾಸನ ಚಿಕ್ಕಮಗಳೂರು ಕಡೆ ತುಂಬಾ ಹಳೇ ಮರಗಳಿರೋ ಬೆಟ್ಟದ ಕಾಡು ಎಲ್ಲಿದೆ? ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ನೀವು ಕೇಳಿರೋದು ಇಷ್ಟು: ಎರಡು ದಿನ ರಜೆ ಇದೆ, ಜೊತೆಗೆ ಮಂಡಿನೋವಿರೋ ಅಮ್ಮ ಬರ್ತಾರೆ, ಸಾವಿರ ವರ್ಷದ ಮರ ಇರೋ ಕಾಡು ನೋಡ್ಬೇಕು. ನಾನು ಸಕಲೇಶಪುರದ ಕಡೆಯವನು, ಕಾಡಿನ ಪಕ್ಕದಲ್ಲೇ ಬೆಳೆದವನು, ಗೊತ್ತಿರೋದನ್ನ ಹೇಳ್ತೀನಿ.

ಸಾವಿರ ವರ್ಷ ಅನ್ನೋದನ್ನ ಮಾತ್ರ ಮನಸ್ಸಿಂದ ತೆಗೆದುಬಿಡಿ. ನಮ್ಮ ಕಾನಿನ ಮರಗಳಿಗೆ ಇಷ್ಟೇ ವಯಸ್ಸು ಅಂತ ಹೇಳೋದು ಬಹಳ ಕಷ್ಟ. ಕಾಂಡದೊಳಗೆ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡೋದು ವರ್ಷದಲ್ಲಿ ಕೆಲವು ತಿಂಗಳು ಬೆಳವಣಿಗೆ ನಿಲ್ಲಿಸೋ ಮರಕ್ಕೆ, ತೇಗ ಬೇಸಿಗೇಲಿ ಎಲೆ ಉದುರಿಸಿ ಸುಮ್ನೆ ನಿಲ್ಲುತ್ತಲ್ಲ ಹಾಗೆ, ಆದ್ರೆ ಘಟ್ಟದ ಹಸಿರು ಕಾಡಿನ ಮರ ವರ್ಷವಿಡೀ ಎಲೆ ಹೊತ್ಕೊಂಡೇ ಇರುತ್ತೆ, ಸ್ವಲ್ಪ ಸ್ವಲ್ಪ ಬೆಳೀತಾನೇ ಇರುತ್ತೆ, ಹಂಗಾಗಿ ಅದರಲ್ಲಿ ಎಣಿಸೋ ಹಾಗೆ ಉಂಗುರ ಸಿಗೋದು ಕಮ್ಮಿ. ಯಾರಾದ್ರೂ ಗೈಡು ಒಂದು ಮರ ತೋರಿಸಿ ಇದಕ್ಕೆ ಇಷ್ಟು ಸಾವಿರ ವರ್ಷ ಅಂದ್ರೆ ನಂಬ್ಬೇಡಿ. ದಪ್ಪ ನೋಡಿನೂ ವಯಸ್ಸು ಹೇಳಕ್ಕಾಗಲ್ಲ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕುದುರೆಮುಖದ ಮೇಲೆ ಹುಲ್ಲುಗುಡ್ಡಗಳ ಮಧ್ಯೆ ಕಣಿವೆ ಮಡಿಕೇಲಿ ಕಡು ಹಸಿರು ಕಾಡು ಕಾಣುತ್ತಲ್ಲ, ಶೋಲಾ ಅಂತಾರೆ, ಅಲ್ಲಿನ ಮರಗಳು ಗಾಳಿ ಚಳಿಗೆ ಕುಳ್ಳಾಗಿ ಸೊಟ್ಟಪಟ್ಟ ಬೆಳೆದಿರ್ತವೆ, ಮೈ ತುಂಬಾ ಪಾಚಿ, ಅಲ್ಲಲ್ಲಿ ಸೀತಾಳೆ ಗಿಡ. ಅವು ಬೆಳೆಯೋದೇ ನಿಧಾನ. ತೋಳಿನಷ್ಟು ದಪ್ಪ ಇರೋ ಮರನೂ ಅಲ್ಲಿ ನಾವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಹಳೇದಿರಬಹುದು.

ಒಂದೇ ಒಂದು ದೊಡ್ಡ ಮರ ನೋಡಿ ಕಣ್ಣು ತುಂಬಿಸ್ಕೋಬೇಕು ಅಂದ್ರೆ ಮುತ್ತೋಡಿ. ಭದ್ರಾ ಅಭಯಾರಣ್ಯದ ಚಿಕ್ಕಮಗಳೂರು ಕಡೆಯ ಭಾಗ ಅದು, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಜಾಗರ ಜೈಂಟ್ ಅಂತ ಒಂದು ತೇಗದ ಮರ ಇದೆ, ಸುತ್ತಳತೆ 5 ಮೀಟರ್‌ಗಿಂತ ಜಾಸ್ತಿ, 300 ವರ್ಷಕ್ಕೂ ಹಳೇದು ಅಂತ ಹೇಳ್ತಾರೆ. ಸಫಾರಿ ಜೀಪಲ್ಲಿ ಕೂತ್ಕೊಂಡೇ ಹೋಗೋದ್ರಿಂದ ಅಮ್ಮಂಗೆ ಕಷ್ಟ ಆಗಲ್ಲ, ಆದ್ರೆ ಆ ಮರದ ಹತ್ರ ಕರ್ಕೊಂಡು ಹೋಗ್ತಾರಾ ಅಂತ ಗೇಟಲ್ಲೇ ಕೇಳಿ ಟಿಕೆಟ್ ತಗೊಳ್ಳಿ.

ನನ್ನ ಕೇಳಿದ್ರೆ ಎರಡು ದಿನದಲ್ಲಿ ಒಂದು ದಿನ ಪೂರ್ತಿ ಬಿಸ್ಲೆ ಘಾಟಿ ಕಾಡಿಗೆ ಇಡಿ. ಸಕಲೇಶಪುರದಿಂದ ವನಗೂರು ಮೇಲೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಘಾಟಿ ಇಳಿದ್ರೆ ಕುಕ್ಕೆ ಸುಬ್ರಹ್ಮಣ್ಯ. ರಸ್ತೆ ಕಾಡೊಳಗೇ ಹೋಗೋದ್ರಿಂದ ಕಾರಲ್ಲಿ ಕೂತೇ ಅರ್ಧ ಕಾಡು ನೋಡ್ಬಹುದು. ಧೂಪದ ಮರ, ಹೆಬ್ಬಲಸು, ಬುಡದಲ್ಲಿ ಗೋಡೆ ಥರ ಹರಡಿರೋ ಹಲಗೆ ಬೇರು, ಮೇಲ್ಗಡೆ ಬಿಸಿಲೇ ಬೀಳದಷ್ಟು ಎಲೆ. ಸಿಂಗಳೀಕ ಇರೋ ಕಾಡು, ಅದೃಷ್ಟ ಇದ್ರೆ ಕಾಣುತ್ತೆ. ಮಂಗಟ್ಟೆ ಹಾರಿದ್ರೆ ಮೊದಲು ರೆಕ್ಕೆ ಸದ್ದೇ ಕೇಳೋದು, ಉಸಿರು ಎಳ್ಕೊಂಡ ಹಾಗೆ. ಆ ಹಕ್ಕಿ ಗೂಡು ಮಾಡೋದು ದೊಡ್ಡ ಮರದ ಪೊಟರೇಲಿ, ಹೆಣ್ಣು ಒಳಗೆ ಸೇರ್ಕೊಂಡು ಪೊಟರೆ ಬಾಯಿ ಮುಚ್ಚಿಕೊಳ್ಳುತ್ತೆ, ಒಂದು ಸೀಳು ಮಾತ್ರ ಬಿಟ್ಟಿರುತ್ತೆ, ಗಂಡು ಹೊರಗಿಂದ ಹಣ್ಣು ತಂದು ಕೊಡುತ್ತೆ. ಹಳೇ ಮರ ಹೋದ್ರೆ ಪೊಟರೆನೂ ಹೋಯ್ತು, ಎಳೇ ಮರದಲ್ಲಿ ಅಷ್ಟು ದೊಡ್ಡ ಪೊಟರೆ ಎಲ್ಲಿಂದ ಬರ್ಬೇಕು.

ನಮ್ಮ ದೊಡ್ಡಪ್ಪ ಫಾರೆಸ್ಟಲ್ಲಿ ವಾಚರ್ ಆಗಿದ್ರು. ಘಾಟಿ ರಸ್ತೆಯಿಂದ ಸ್ವಲ್ಪ ಕೆಳಗೆ ಕಾಣೋ ಒಂದು ಧೂಪದ ಮರದ ಹತ್ರ ಬಸ್ಸಿಂದ ಇಳಿಸಿ ನಮ್ಮನ್ನ ನಿಲ್ಲಿಸೋರು, ಚಿಕ್ಕವರಿದ್ದಾಗ ನಾಲ್ಕು ಜನ ಕೈ ಕೈ ಹಿಡ್ಕೊಂಡ್ರೂ ಸುತ್ತು ಬರ್ತಿರ್ಲಿಲ್ಲ. ಮಕ್ಳು ಮೇಲೆ ನೋಡ್ತಿದ್ರೆ ಅವ್ರು "ಮೇಲೆ ಆಮೇಲ್ ನೋಡಿ, ಮೊದ್ಲು ಕೆಳಗೆ ನೋಡಿ" ಅನ್ನೋರು. ಕೆಳಗೆ ಅದೇ ಮರದ ನೂರಾರು ಸಸಿ, ಎರಡೆಲೆ ಮೂರೆಲೆ ಬಿಟ್ಕೊಂಡು ನೆರಳಲ್ಲಿ ನಿಂತಿರೋವು. ಧೂಪದ ಬೀಜ ಮಳೆಗಾಲದಲ್ಲಿ ಬಿದ್ದ ಕೂಡಲೇ ಮೊಳಕೆ ಒಡೆಯುತ್ತೆ, ತೆಗೆದಿಟ್ಟು ಮುಂದಿನ ವರ್ಷ ಬಿತ್ತೀನಿ ಅಂದ್ರೆ ಹುಟ್ಟಲ್ಲ, ಹುಟ್ಟಿದ ಸಸಿ ಬೆಳಕು ಬರೋ ತನಕ ವರ್ಷಗಟ್ಟಲೆ ಅಷ್ಟೇ ಎತ್ತರದಲ್ಲಿ ಕಾಯುತ್ತೆ.

2018ರ ಆಗಸ್ಟ್ ಮಳೆ ನಿಮಗೂ ನೆನಪಿರುತ್ತೆ, ನಮ್ಮ ಘಾಟಿ, ಕೊಡಗು ಎಲ್ಲಾ ಕಡೆ ಗುಡ್ಡ ಜರುಗಿ ಸಕಲೇಶಪುರ ಸುಬ್ರಹ್ಮಣ್ಯ ರೈಲೇ ನಿಂತುಹೋಗಿತ್ತು. ಆ ಮಳೇಲಿ ಆ ಮರ ಬಿತ್ತು. ದೊಡ್ಡಪ್ಪಂಗೆ ಆಗ ರಿಟೈರ್ ಆಗಿ ತುಂಬಾ ವರ್ಷ ಆಗಿತ್ತು, ವಿಷ್ಯ ಗೊತ್ತಾದ ದಿನ ಊಟ ಮಾಡ್ಲಿಲ್ಲ. ಎರಡು ವರ್ಷ ಬಿಟ್ಟು ನಾನೇ ಕಾರಲ್ಲಿ ಕರ್ಕೊಂಡು ಹೋದೆ, ರಸ್ತೆ ಬದೀಲಿ ನಿಂತು ನೋಡಿದ್ವಿ. ಮರ ಮಲಗಿತ್ತು, ಅದು ಬಿದ್ದ ಜಾಗದಲ್ಲಿ ಆಕಾಶ ಕಾಣ್ತಿತ್ತು, ಬಿಸಿಲು ನೆಲಕ್ಕೆ ಬೀಳ್ತಿತ್ತು. ಉಪ್ಪಳಿಗೆ ಥರದ ಬೇಗ ಬೆಳೆಯೋ ಮರಗಳು ಆಗಲೇ ಆಳೆತ್ತರ ಬಂದಿದ್ವು, ಅವುಗಳ ಸಂದೀಲಿ ನಾವು ಕಂಡಿದ್ದ ಧೂಪದ ಸಸಿಗಳು ಸೊಂಟದ ತನಕ ಎದ್ದಿದ್ವು. ಬಿದ್ದ ಕಾಂಡದ ಮೇಲೆ ಪಾಚಿ, ಪಾಚಿ ಮೇಲೆ ಇನ್ಯಾವುದೋ ಎಳೇ ಗಿಡ. ದೊಡ್ಡಪ್ಪ ಅದನ್ನ ಎಷ್ಟೋ ಹೊತ್ತು ನೋಡ್ತಾ ನಿಂತಿದ್ರು. ನನಗೆ ಹಳೇ ಕಾಡು ಅಂದ್ರೆ ಅದೇ: ಬಿದ್ದಿದ್ದು, ನಿಂತಿದ್ದು, ಕಾಯ್ತಿರೋದು ಮೂರೂ ಒಂದೇ ಕಡೆ ಇರೋದು. ನೆಟ್ಟ ತೋಪಲ್ಲಿ ಮರ ಎಷ್ಟು ದಪ್ಪ ಆದ್ರೂ ಇದು ಸಿಗಲ್ಲ. ಹಾಗಾಗಿ ಬಿಸ್ಲೆಗೆ ಹೋದಾಗ ದೊಡ್ಡ ಮರ ಹುಡುಕ್ಕೊಂಡು ಓಡಾಡ್ಬೇಡಿ, ಒಂದು ಕಡೆ ಕಾರು ಪಕ್ಕಕ್ಕೆ ಹಾಕಿ ಹಾರ್ನು, ಹಾಡು ಎಲ್ಲಾ ನಿಲ್ಲಿಸಿ ಅರ್ಧ ಗಂಟೆ ಅಮ್ಮನ ಜೊತೆ ಸುಮ್ನೆ ಕೂತ್ಕೊಳ್ಳಿ. ರಸ್ತೆ ಬಿಟ್ಟು ಕಾಡೊಳಗೆ ಇಳೀಬೇಡಿ, ರಿಸರ್ವ್ ಫಾರೆಸ್ಟ್ ಅದು, ಪರ್ಮಿಷನ್ ಇಲ್ದೆ ಹೋಗೋ ಹಾಗಿಲ್ಲ, ಆನೆನೂ ಇದಾವೆ. ಕಾಡುಗೇರು ಜಾತಿ ಮರದ ಸೊನೆ ತಾಗಿದ್ರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತೆ, ಗೊತ್ತಿಲ್ಲದ ಮರ ತಬ್ಬಿ ಫೋಟೋ ತೆಗೆಸ್ಕೊಳ್ಳೋ ಆಸೆ ಬೇಡ.

ದಾರೀಲಿ ಮಂಕನಹಳ್ಳಿ ಹತ್ರ ರಿಡ್ಜ್ ಅಂತ ಒಂದು ಕಲ್ಲಿದೆ, ಅಲ್ಲಿ ಒಂದು ಪಕ್ಕ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಪಕ್ಕ ಬಿದ್ದಿದ್ದು ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಅದನ್ನೂ ಅಮ್ಮಂಗೆ ತೋರಿಸಿ.

ಅಕ್ಟೋಬರಿಂದ ಫೆಬ್ರವರಿ ಒಳಗೆ ಬನ್ನಿ. ಮಳೆಗಾಲದಲ್ಲಿ ಇಂಬಳದ ಕಾಟ, ಬಂದ್ರೆ ಉಪ್ಪು, ಹೊಗೆಸೊಪ್ಪು ಇಟ್ಕೊಂಡಿರಿ. ಬೇಸಿಗೇಲಿ ಬೆಂಕಿ ಭಯಕ್ಕೆ ಎಷ್ಟೋ ಕಡೆ ಚಾರಣ ಬಂದ್ ಮಾಡ್ತಾರೆ. ನೀವೊಬ್ರೇ ಶೋಲಾ ಕಡೆ ನಡೀಬೇಕು ಅಂತಿದ್ರೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಲ್ಲಿ ಮೊದಲೇ ಬುಕ್ ಮಾಡಿ. ಬಿಸ್ಲೆ ವ್ಯೂ ಪಾಯಿಂಟಿಗೆ ಮಂಜು ಕರಗೋ ಹೊತ್ತಿಗೆ ಹೋದ್ರೆ ಎದುರಿಗೆ ಕುಮಾರ ಪರ್ವತದ ಸಾಲು ಪೂರ್ತಿ ಕಾಣುತ್ತೆ, ಸ್ವಲ್ಪವೇ ನಡಿಗೆ. ತಿಂಡಿ ಕಟ್ಟಿಸ್ಕೊಂಡು ಹೋಗಿ, ದಾರೀಲಿ ಹೋಟೆಲ್ ಕಮ್ಮಿ, ಕವರ್ ಎಲ್ಲಾ ವಾಪಸ್ ತನ್ನಿ. ಅಮ್ಮಂಗೆ ಸ್ವೆಟರ್ ಒಂದು ಇರ್ಲಿ, ಫ್ಲಾಸ್ಕಲ್ಲಿ ಕಾಫಿನೂ.